ಗಿಟಾರಿಗೆ ಮಳೆಗಾಲ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವನು. ಮೂರು ವರ್ಷದಿಂದ ಅಕೌಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಹಾಡಿಲ್ಲದ, ಬರೀ ಗಿಟಾರಿನ ತುಣುಕುಗಳಿಗೆ ಶರತ್ಕಾಲ, ಮೊದಲ ಹಿಮ, ಕಾಡು, ನದಿ ಅಂತೆಲ್ಲ ಹೆಸರಿರುತ್ತದೆ. ಕೇಳಿದರೆ ನಿಜಕ್ಕೂ ಹಾಗೇ ಅನಿಸುತ್ತದೆ. ಇದು ಹೆಸರಿನ ಮಾಯೆಯೋ, ಸಂಗೀತದಲ್ಲೇ ಏನಾದರೂ ಇದೆಯೋ? ನಮ್ಮೂರ ಮಳೆಗಾಲದ ಮೇಲೆ ನನ್ನದೇ ಒಂದು ತುಣುಕು ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ? ಹಿನ್ನೆಲೆಗೆ ಮಳೆಯ ಶಬ್ದ ರೆಕಾರ್ಡ್ ಮಾಡಿ ಹಾಕಬಹುದಾ?

ಉತ್ತರ: ಹೆಸರಿನ ಮಾಯೆ ಇದೆ. ಸ್ವಲ್ಪ ಅಲ್ಲ, ಜಾಸ್ತಿಯೇ ಇದೆ. ನಾನು ಹೊಸ ವಿದ್ಯಾರ್ಥಿಗಳ ಜೊತೆ ಒಂದು ಆಟ ಆಡುತ್ತೇನೆ. ಒಂದೇ ತುಣುಕನ್ನು ಒಂದು ಗುಂಪಿಗೆ ‘ಹಿಮ ಬೀಳುತ್ತಿದೆ’ ಎಂದು ಹೇಳಿ ನುಡಿಸುತ್ತೇನೆ. ಇನ್ನೊಂದು ಗುಂಪಿಗೆ ‘ಸಂಜೆಯ ಕಡಲು’ ಎಂದು ಹೇಳಿ ನುಡಿಸುತ್ತೇನೆ. ಮೊದಲಿನವರಿಗೆ ಹಿಮ ಕಾಣುತ್ತದೆ, ಎರಡನೆಯವರಿಗೆ ಅಲೆ. ಯಾರೂ ಸುಳ್ಳು ಹೇಳುತ್ತಿಲ್ಲ. ಸಂಗೀತ ಒಂದು ಚಲನೆಯನ್ನು ಕೊಡುತ್ತದೆ, ಅದಕ್ಕೆ ಚಿತ್ರ ಹಚ್ಚುವುದು ಹೆಸರು.

ದೊಡ್ಡವರೂ ಇದನ್ನು ನಂಬಿಕೊಂಡವರೇ. ಇಟಲಿಯ ವಿವಾಲ್ಡಿ ನಾಲ್ಕು ಋತುಗಳ ಮೇಲೆ ಬರೆದ ಪಿಟೀಲು ಕೃತಿಗಳು 1725ರಲ್ಲಿ ಅಚ್ಚಾದವು. ಅವುಗಳ ಜೊತೆ ಒಂದೊಂದು ಋತುವಿಗೆ ಒಂದೊಂದು ಪದ್ಯವೂ ಅಚ್ಚಾಯಿತು. ಇಲ್ಲಿ ನಾಯಿ ಬೊಗಳುತ್ತಿದೆ, ಇಲ್ಲಿ ಹಕ್ಕಿ ಹಾಡುತ್ತಿದೆ ಎಂದು ಕೇಳುಗನಿಗೆ ಹೇಳಿಯೇ ಕೊಟ್ಟರು. ನಾವು ಹೆಸರಿಡಲು ಯಾಕೆ ನಾಚಬೇಕು?

ಆದರೆ ಅದೇ ಕೃತಿಯಲ್ಲಿ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧಕ್ಕೂ ಉತ್ತರ ಇದೆ. ಚಳಿಗಾಲದ ಎರಡನೇ ಭಾಗ ಕೇಳಿ. ಒಬ್ಬರು ಒಳಗೆ ಬೆಂಕಿಯ ಮುಂದೆ ಬೆಚ್ಚಗೆ ಕೂತಿದ್ದಾರೆ, ಹೊರಗೆ ಮಳೆ. ಮುಖ್ಯ ಪಿಟೀಲು ನಿಧಾನವಾಗಿ ಹಾಡುತ್ತದೆ. ಮಳೆಗಾಗಿ ವಿವಾಲ್ಡಿ ಉಳಿದ ಪಿಟೀಲಿನವರಿಗೆ ಏನು ಹೇಳಿದರು ಗೊತ್ತಾ? ಕಮಾನು ಬಿಡಿ, ಬೆರಳಿನಿಂದ ಮೀಟಿ ಅಂತ. ಕಮಾನಿನಿಂದ ಹನಿ ಬೀಳಿಸುವುದು ಕಷ್ಟ. ಮೀಟಿದರೆ ಹನಿ ತಾನೇ ಬೀಳುತ್ತದೆ. ಗಿಟಾರಿಗೆ ಆ ಗುಣ ಹುಟ್ಟಿನಿಂದಲೇ ಬಂದಿದೆ.

ಇದು ನೀವು ಕೈಯಿಂದಲೇ ಅರಿಯಬೇಕಾದ ಮಾತು. ಇವತ್ತೇ ಆರನೇ ತಂತಿಯನ್ನು, ಅಂದರೆ ಅತಿ ದಪ್ಪದ್ದನ್ನು, ಒಮ್ಮೆ ಮೀಟಿ, ಪೂರ್ತಿ ನಿಲ್ಲುವವರೆಗೂ ಸುಮ್ನೆ ಕೇಳಿ. ಮೀಟಿದ ಕ್ಷಣದಲ್ಲೇ ಅದು ಅತಿ ಜೋರು. ಆಮೇಲೆ ಇಳಿಯುವುದೊಂದೇ ಕೆಲಸ. ಕೊಳಲಿನವರು ಸ್ವರ ಹಿಡಿದ ಮೇಲೂ ಉಸಿರು ತುಂಬಿ ಅದನ್ನು ದೊಡ್ಡದು ಮಾಡಬಹುದು. ಪಿಟೀಲಿನವರೂ ಮಾಡಬಹುದು. ನಮಗೆ ಅದು ಆಗದು. ಗಿಟಾರಿನ ಒಂದೊಂದು ಸ್ವರವೂ ಹುಟ್ಟಿದ ಗಳಿಗೆಯಿಂದ ಆರುತ್ತಾ ಹೋಗುತ್ತದೆ. ಮೊದಲು ಅದರ ಮೇಲಿನ ಮಿಂಚು ಹೋಗುತ್ತದೆ, ಕೊನೆಗೆ ಬರೀ ಬುಡದ ಗುನುಗು ಉಳಿಯುತ್ತದೆ. ಎಲೆ ಉದುರುವುದು, ಬೆಳಕು ಇಳಿಯುವುದು, ಹನಿ ಬಿದ್ದು ಉಂಗುರ ಅಗಲವಾಗಿ ಮಾಯವಾಗುವುದು ಎಲ್ಲ ಇದೇ ಥರ ಅಲ್ವಾ? ನನ್ನ ಮಟ್ಟಿಗೆ ಗಿಟಾರಿಗೂ ಪ್ರಕೃತಿಗೂ ಇರುವ ನಂಟು ಇಷ್ಟೇ. ಅದು ಹಕ್ಕಿಯ ಕೂಗನ್ನು ಅನುಕರಿಸುವುದರಲ್ಲಿ ಇಲ್ಲ. ಸ್ವರ ಆರುವುದಕ್ಕೆ ಜಾಗ ಬಿಡುವುದರಲ್ಲಿದೆ. ಮೂರು ವರ್ಷ ಕಲಿತವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ, ಹಿಂದಿನ ಸ್ವರ ಆರುವ ಮೊದಲೇ ಮುಂದಿನದನ್ನು ಅದರ ಮೇಲೆ ಹೇರುವುದು.

ನೀವು ಕೇಳಿರುವ ಆ ಶರತ್ಕಾಲ, ಹಿಮ ಎಂಬ ಹೆಸರುಗಳ ಹಿಂದೆ ಒಂದು ಊರಿದೆ, ಒಬ್ಬ ಬಡಗಿ ಇದ್ದಾರೆ. ವಿಲಿಯಂ ಆಕರ್‌ಮನ್ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಬಿಟ್ಟು ಮರಗೆಲಸ ಮಾಡುತ್ತಿದ್ದರು. ಬಿಡುವಿನಲ್ಲಿ ಗಿಟಾರ್. 1976ರಲ್ಲಿ ಸ್ನೇಹಿತರು ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಅವರ ಮೊದಲ ಎಲ್‌ಪಿ ತಟ್ಟೆ ಮಾಡಿಸಿದರು. ಅದಕ್ಕೆಂದೇ ಹುಟ್ಟಿದ ಸಣ್ಣ ಕಂಪನಿಯ ಹೆಸರು ವಿಂಡಮ್ ಹಿಲ್. ಅದು ಅಮೆರಿಕದ ಈಶಾನ್ಯದ ವರ್ಮಾಂಟ್ ರಾಜ್ಯದ ಒಂದು ಜಾಗದ ಹೆಸರು. ಆ ಕಡೆ ನಾಲ್ಕು ಋತುಗಳೂ ಬೇರೆ ಬೇರೆ ಬಣ್ಣದಲ್ಲಿ ಬರುತ್ತವೆ. ಅಕ್ಟೋಬರಿನಲ್ಲಿ ಮೇಪಲ್ ಮರಗಳು ಕೆಂಪಾಗಿ ಉರಿಯುತ್ತವೆ, ಆಮೇಲೆ ತಿಂಗಳುಗಟ್ಟಲೆ ಹಿಮ.

ಆಕರ್‌ಮನ್ ಮತ್ತು ಆ್ಯನ್ ರಾಬಿನ್ಸನ್ ಸೇರಿ ಕಂಪನಿ ನಡೆಸಿದರು. ತಟ್ಟೆಯ ಹೊದಿಕೆ ದೂರದಿಂದಲೇ ಗುರುತು ಸಿಗುತ್ತಿತ್ತು. ಸುತ್ತ ಬಿಳಿ ಅಂಚು, ನಡುವೆ ಒಂದು ಮರ, ಒಂದು ಬೆಟ್ಟ ಅಥವಾ ಒಂದು ಬಯಲು. ಕಲಾವಿದರ ಮುಖ ಕಡಿಮೆ. ಆಕರ್‌ಮನ್ ಅವರ ಸೋದರ ಸಂಬಂಧಿ ಅಲೆಕ್ಸ್ ಡಿ ಗ್ರಾಸಿ 1978ರಲ್ಲಿ ಬಂದರು. ಅವರ ಬಲಗೈಯ ನೀರಿನಂಥ ಹರಿವನ್ನು ನಾನು ಈಗಲೂ ಹೊಟ್ಟೆಕಿಚ್ಚಿನಿಂದ ಕೇಳುತ್ತೇನೆ. ಮೈಕೆಲ್ ಹೆಜಸ್ 1981ರಲ್ಲಿ ಬಂದು ಎರಡೂ ಕೈಗಳಿಂದ ತಂತಿಯನ್ನು ತಟ್ಟಿ, ಬಡಿದು, ಗಿಟಾರ್ ಅಂದರೆ ಇಷ್ಟೇ ಎಂಬ ಮಾತನ್ನು ಮುರಿದರು. 1997ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ಕಂಪನಿಯಲ್ಲಿ ಜಾರ್ಜ್ ವಿನ್‌ಸ್ಟನ್ 1980ರಲ್ಲಿ ಪಿಯಾನೋದಲ್ಲಿ ಶರತ್ಕಾಲ ನುಡಿಸಿದರು. ಅಲ್ಲಿಂದ ಋತುವಿನ ಹೆಸರಿಡುವುದು ಒಂದು ಚಾಳಿಯೇ ಆಯಿತು. ಆಮೇಲೆ ಬಂದ ನಕಲುಗಳಲ್ಲಿ ಮುಕ್ಕಾಲು ಪಾಲು ಸಪ್ಪೆ. ಸ್ಪಾದಲ್ಲಿ, ಲಿಫ್ಟಿನಲ್ಲಿ ಕೇಳುವ ಸಂಗೀತ ಅದರ ಮೊಮ್ಮಕ್ಕಳು. ಹಾಗಂತ ಅಜ್ಜಂದಿರನ್ನು ಬೈಯಬಾರದು.

ಈ ಜನ ತಂತಿಯನ್ನು ಮಾಮೂಲಿ ಶ್ರುತಿಯಲ್ಲಿ ಬಿಡುತ್ತಿರಲಿಲ್ಲ. ಒಂದೊಂದು ತುಣುಕಿಗೆ ಒಂದೊಂದು ಶ್ರುತಿ. ಯಾಕೆ? ಮಾಮೂಲಿ ಇ ಎ ಡಿ ಜಿ ಬಿ ಇ ಶ್ರುತಿಯಲ್ಲಿ, ಬೆರಳು ಒತ್ತದೆ ಬಿಟ್ಟ ತಂತಿಗಳನ್ನು ಒಟ್ಟಿಗೆ ಮೀಟಿದರೆ ಒಂದಕ್ಕೊಂದು ಹೊಂದುವುದಿಲ್ಲ. ಎಡಗೈ ಸದಾ ಒತ್ತಿ ಹಿಡಿದಿರಬೇಕು. ಬೆರಳು ಎತ್ತಿದ ಕೂಡಲೇ ಸ್ವರ ಸಾಯುತ್ತದೆ. ಬಿಟ್ಟ ತಂತಿ ಹಾಗಲ್ಲ, ಎಡಗೈ ಬೇರೆ ಕಡೆ ಹೋದರೂ ಅದು ಮೊಳಗುತ್ತಲೇ ಇರುತ್ತದೆ. ಒಂದರ ಬಾಲದ ಮೇಲೆ ಇನ್ನೊಂದರ ತಲೆ ಬಂದು ಸೇರುತ್ತದೆ. ಮಂಜಿನ ಹಾಗೆ ಕೇಳುವುದು ಅದೇ.

ನಿಮಗೆ ನಾನು ಕೊಡುವ ಶ್ರುತಿ ಡಿ ಎ ಡಿ ಜಿ ಎ ಡಿ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಮೊರಾಕೊಗೆ ಹೋದಾಗ ಅಲ್ಲಿನ ಊದ್ ಎಂಬ ತಂತಿವಾದ್ಯ ನುಡಿಸುವವರ ಜೊತೆ ನುಡಿಸಲು ಕಂಡುಕೊಂಡದ್ದು. ಮಾಡುವುದು ಸುಲಭ. ಒಂದನೇ, ಎರಡನೇ ಮತ್ತು ಆರನೇ ತಂತಿಯನ್ನು ತಲಾ ಎರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಯ ಮನೆ) ಇಳಿಸಿ. ಈಗ ಡಿ ಅನ್ನು ಷಡ್ಜ ಅಂದುಕೊಂಡು ದಪ್ಪ ತಂತಿಯಿಂದ ಓದಿ: ಸ ಪ ಸ ಮ ಪ ಸ. ನೋಡಿದಿರಾ? ಅರ್ಧ ತಂಬೂರಿ ನಿಮ್ಮ ತೊಡೆಯ ಮೇಲೆ ಕೂತಿದೆ. ಖುಷಿಯೋ ದುಃಖವೋ ಎಂದು ಹೇಳುವ ಗಾಂಧಾರ ಇಲ್ಲ, ಹಾಗಾಗಿ ಈ ಶ್ರುತಿಗೆ ತನ್ನದೇ ಆದ ಖುಷಿಯೂ ಇಲ್ಲ, ದುಃಖವೂ ಇಲ್ಲ. ಬಾನು ಮೋಡ ಕವಿದು ನಿಂತ ಹಾಗೆ, ಮುಂದೇನು ಅಂತ ಹೇಳುವುದಿಲ್ಲ.

ಇನ್ನು ಸ್ವರ. ಸ ರಿ ಮ ಪ ನಿ ಸ. ಇಂಗ್ಲಿಷ್ ಹೆಸರಲ್ಲಿ ಡಿ, ಇ, ಜಿ, ಎ, ಸಿ. ಕರ್ನಾಟಕ ಸಂಗೀತದಲ್ಲಿ ಇದು ಮಧ್ಯಮಾವತಿ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಸಾಮಾನ್ಯವಾಗಿ ಹಾಡುವ ರಾಗ, ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಇದೇ ಸ್ವರಗಳು ಹಿಂದೂಸ್ತಾನಿಯಲ್ಲಿ ಮೇಘ್, ಮಳೆಗಾಲದ ರಾಗ. ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಅಲ್ಲ. ಮೇಘ್‌ನಲ್ಲಿ ರಿಷಭವನ್ನು ಮಧ್ಯಮದಿಂದ ತೂಗಿ ಹಿಡಿಯುವ ರೀತಿಯೇ ಬೇರೆ. ಗೊತ್ತಿದ್ದವರು ಕೇಳಿದರೆ ನನಗೆ ಬೈಯುತ್ತಾರೆ, ಬೈಯಲಿ. ನಾವೀಗ ಕಛೇರಿ ಮಾಡುತ್ತಿಲ್ಲ, ಬಣ್ಣ ಆರಿಸುತ್ತಿದ್ದೇವೆ.

ಕೈ ಎಲ್ಲಿಡಬೇಕು ಅಂದರೆ, ನಾಲ್ಕನೇ ತಂತಿ ಬಿಟ್ಟದ್ದು ಸ. ಅದರದ್ದೇ ಎರಡನೇ ಫ್ರೆಟ್ ರಿ. ಮೂರನೇ ತಂತಿ ಬಿಟ್ಟದ್ದು ಮ. ಎರಡನೇ ತಂತಿ ಬಿಟ್ಟದ್ದು ಪ. ಅದರದ್ದೇ ಮೂರನೇ ಫ್ರೆಟ್ ನಿ. ಒಂದನೇ ತಂತಿ ಬಿಟ್ಟದ್ದು ಮೇಲಿನ ಸ. ಆರು ಸ್ವರದಲ್ಲಿ ಒತ್ತಬೇಕಾದದ್ದು ಎರಡೇ! ಉಳಿದ ನಾಲ್ಕೂ ತಾವೇ ಮೊಳಗುತ್ತವೆ. ವಾರ ಪೂರ್ತಿ ಇಷ್ಟನ್ನೇ ನುಡಿಸಿ. ಬೇಜಾರು ಬರುವುದಿಲ್ಲ, ಬಂದರೆ ಇನ್ನೂ ನಿಧಾನ ಮಾಡಿ.

ಮೂರನೇ ತಂತಿಯನ್ನು ಅರ್ಧ ಸ್ವರ, ಅಂದರೆ ಒಂದು ಫ್ರೆಟ್‌ನಷ್ಟು ಇಳಿಸಿದರೆ ಮಧ್ಯಮದ ಜಾಗಕ್ಕೆ ಅಂತರ ಗಾಂಧಾರ ಬರುತ್ತದೆ: ಸ ಪ ಸ ಗ ಪ ಸ. ಮೋಡ ಸರಿದು ಬಿಸಿಲು ಬಿದ್ದ ಹಾಗೆ ಗಿಟಾರು ಬೇರೆಯೇ ಆಗುತ್ತದೆ. ಅಮೃತವರ್ಷಿಣಿಯ ಕಡೆ ಹೋಗಬೇಕಾದರೆ ಈ ಶ್ರುತಿ ಒಳ್ಳೆಯದು. ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರಂ ಕಡೆ ಬರದಲ್ಲಿ ಹಾಡಿ ಮಳೆ ತರಿಸಿದರು ಎಂಬ ಕಥೆಯ ರಾಗ ಅದು. ಗಮನಿಸಿ, ಆ ರಾಗ ಮಳೆಯಂತೆ ಕೇಳುವುದಿಲ್ಲ. ಮಳೆ ಬೇಡುವವರ ಗಂಟಲಿನಂತೆ ಕೇಳುತ್ತದೆ. ನಿಮ್ಮ ತುಣುಕು ಯಾವುದರ ಬಗ್ಗೆ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಮಳೆಯ ಬಗ್ಗೆಯೋ, ಮಳೆಗೆ ಕಾಯುವುದರ ಬಗ್ಗೆಯೋ.

ಅಮೆರಿಕದ ಗಿಟಾರಿಗೆ ನಮ್ಮ ರಾಗ ಬಲವಂತವಾಗಿ ಅಂಟಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಇವೆರಡೂ ಮೊದಲೇ ನೆಂಟರು. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಪಾಠ ಹೇಳಿದವರು. ರಾಬಿ ಬಾಶೊ ಎಂಬ ಗಿಟಾರ್ ವಾದಕ ಅವರಲ್ಲಿ ಕಲಿತರು. ಉಕ್ಕಿನ ತಂತಿಯ ಗಿಟಾರಿನಲ್ಲಿ ಆಲಾಪದಂಥ ದೀರ್ಘ ತುಣುಕುಗಳನ್ನು, ಬೆಟ್ಟ ಬಯಲುಗಳ ಮೇಲೆ, ನುಡಿಸಿದರು. ಅವರ ಒಂದು ತಟ್ಟೆಯನ್ನು 1978ರಲ್ಲಿ ಹೊರತಂದದ್ದು ಅದೇ ವಿಂಡಮ್ ಹಿಲ್. ಇತ್ತ ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಕೂಡ ಅಲಿ ಅಕ್ಬರ್ ಖಾನರ ಶಿಷ್ಯರೇ. ಗಿಟಾರನ್ನು ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರಿಸಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದನ್ನು, ತಂದವರು.

1967ರಲ್ಲಿ ಕಾಬ್ರಾ, ಸಂತೂರಿನ ಶಿವಕುಮಾರ್ ಶರ್ಮಾ, ಬಾನ್ಸುರಿಯ ಹರಿಪ್ರಸಾದ್ ಚೌರಾಸಿಯಾ ಸೇರಿ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ತಟ್ಟೆ ಮಾಡಿದರು. ಕಾಶ್ಮೀರದ ಕುರುಬನೊಬ್ಬನ ಒಂದು ದಿನ. ಬೆಳಗಿಗೆ ಅಹೀರ್ ಭೈರವ್, ಕೊನೆಗೆ ರಾತ್ರಿಯಲ್ಲಿ ಪಹಾಡಿ. ಹೊತ್ತು ಏರಿದಂತೆ ರಾಗ ಬದಲಾಗುತ್ತದೆ. ವಿಂಡಮ್ ಹಿಲ್ ಹುಟ್ಟಲು ಇನ್ನೂ ಒಂಬತ್ತು ವರ್ಷ ಇತ್ತು. ಪ್ರಕೃತಿಯ ಮೇಲಿನ ಗಿಟಾರ್ ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ನೀವು ಕೇಳಿರದಿದ್ದರೆ ಇವತ್ತು ರಾತ್ರಿ ದೀಪ ಆರಿಸಿ ಕೇಳಿ. ಗಿಟಾರು ಎಲ್ಲೂ ಮುಂದೆ ನುಗ್ಗುವುದಿಲ್ಲ. ಬಾನ್ಸುರಿ ಉಸಿರು ಬಿಟ್ಟ ಜಾಗದಲ್ಲಿ ಮೆಲ್ಲನೆ ಜಾರಿ ಬರುತ್ತದೆ.

ಈಗ ಮಳೆ ಕಟ್ಟುವ ಕೆಲಸ. ಕ್ಯೂಬಾದ ಲಿಯೋ ಬ್ರೌವರ್ 1984ರಲ್ಲಿ ನಾಲ್ಕು ಗಿಟಾರಿಗೆ ಬರೆದ ಒಂದು ಕೃತಿ ಇದೆ, ಮಳೆ ಬೀಳುವ ಕ್ಯೂಬಾದ ನೋಟ ಎಂಬ ಅರ್ಥದ ಹೆಸರು. ಶುರುವಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಸ್ವರ. ನಿಧಾನವಾಗಿ ಹನಿಗಳು ಹತ್ತಿರವಾಗುತ್ತವೆ, ದಟ್ಟವಾಗುತ್ತವೆ. ಅದರಲ್ಲಿ ರಾಗವಾಗಿ ಗುನುಗುವಂಥದ್ದು ಏನೂ ಇಲ್ಲ. ಬದಲಾಗುವುದು ದಟ್ಟಣೆ ಮಾತ್ರ. ಇದರಿಂದ ಕಲಿಯಬೇಕಾದದ್ದು ಬಹಳ ಇದೆ, ಯಾಕೆಂದರೆ ಮಳೆಗೆ ರಾಗಕ್ಕಿಂತ ಮೊದಲು ಇರುವುದು ಲೆಕ್ಕ: ಎಷ್ಟು ಹನಿ, ಎಷ್ಟು ಹೊತ್ತಿಗೆ.

ನಿಮ್ಮ ಮನೆ ಹಂಚಿನದ್ದಾದರೆ ಪಾಠ ಅಲ್ಲೇ ಇದೆ. ಜಗುಲಿಯಲ್ಲಿ ಕೂತು ಹತ್ತು ನಿಮಿಷ ಕೇಳಿ. ಎರಡು ಪದರ ಸಿಗುತ್ತದೆ. ಸೂರಿನಂಚಿನಿಂದ ಒಂದೇ ಜಾಗಕ್ಕೆ ಬೀಳುವ ನೀರು, ಅದಕ್ಕೆ ಸರಿಸುಮಾರು ತಾಳ ಇದೆ. ಅಂಗಳದ ಮೇಲೆ, ಅಡಿಕೆ ಸೋಗೆಯ ಮೇಲೆ, ಕೊಡದ ಮೇಲೆ ಬೀಳುವುದಕ್ಕೆ ತಾಳವೇ ಇಲ್ಲ. ಗಿಟಾರಿನಲ್ಲಿ ಸೂರಿನ ನೀರು ಹೆಬ್ಬೆರಳಿಗೆ ಕೊಡಿ. ಆರನೇ ತಂತಿ, ನಾಲ್ಕನೇ ತಂತಿ, ಆರು, ನಾಲ್ಕು, ಗಡಿಬಿಡಿಯಿಲ್ಲದೆ. ಮೇಲಿನ ಮೂರು ತಂತಿಗಳನ್ನು ಉಳಿದ ಬೆರಳಿಗೆ ಕೊಟ್ಟು, ಹೆಬ್ಬೆರಳಿನ ತಾಳಕ್ಕೆ ಅವು ಸರಿಯಾಗಿ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಅದು ಕೈಗೆ ಬಾರದಿದ್ದರೆ ಮಿಶ್ರಛಾಪು ಹಿಡಿಯಿರಿ, ತಕಿಟ ತಕಧಿಮಿ, ಮೂರು ಮತ್ತು ನಾಲ್ಕು. ನಾಲ್ಕು ನಾಲ್ಕಾಗಿ ಸಮವಾಗಿ ಮೀಟುತ್ತಾ ಹೋದರೆ ಅದು ಮಳೆಯಾಗುವುದಿಲ್ಲ, ಹೊಲಿಗೆ ಯಂತ್ರವಾಗುತ್ತದೆ.

ಮಳೆಯ ಬಗೆಗೆ ತಕ್ಕಂತೆ ಬಲಗೈ ಜಾಗ ಬದಲಿಸಿ. ಬ್ರಿಡ್ಜ್‌ನ, ಅಂದರೆ ಹಲಗೆಯ ಮೇಲೆ ತಂತಿ ಕಟ್ಟಿರುವ ಮರದ ಪಟ್ಟಿಯ, ಹತ್ತಿರ ಮೀಟಿದರೆ ಮೇಲಿನ ಅನುಸ್ವರಗಳು ಜಾಸ್ತಿ ಏಳುತ್ತವೆ, ಶಬ್ದ ಚೂಪು, ತಗಡಿನ ಮೇಲಿನ ಹನಿಯ ಹಾಗೆ. ಗಿಟಾರಿನ ಬಾಯಿಯ ಮೇಲೆ ಮೀಟಿದರೆ ದುಂಡಗೆ. ಕತ್ತಿನ ಕಡೆ ಸರಿದರೆ ಮಣ್ಣಿನ ಮೇಲೆ ಬಿದ್ದ ಹಾಗೆ ಮೆತ್ತಗೆ. ಎಡೆಬಿಡದ ಜಡಿಮಳೆ ಬೇಕಾದರೆ ಟ್ರೆಮೊಲೊ ಇದೆ. ಹೆಬ್ಬೆರಳು ಒಮ್ಮೆ ದಪ್ಪ ತಂತಿಯನ್ನು ಮೀಟಿದರೆ ಉಂಗುರ, ನಡು, ತೋರು ಬೆರಳುಗಳು ಒಂದೇ ತೆಳು ತಂತಿಯನ್ನು ಸಾಲಾಗಿ ಮೀಟುತ್ತವೆ. ಸ್ಪೇನಿನ ತಾರೆಗಾ 1890ರ ದಶಕದಲ್ಲಿ ಅಲ್ಹಾಂಬ್ರಾ ಅರಮನೆಯ ನೆನಪಿಗೆ ಬರೆದ ತುಣುಕು ಪೂರ್ತಿ ಇದರ ಮೇಲೆಯೇ ನಿಂತಿದೆ. ಆದರೆ ಇದು ಕೈಗೆ ಹತ್ತಲು ವರ್ಷ ಬೇಕು. ಈ ಮಳೆಗಾಲಕ್ಕೆ ಸಿಗಲಿಕ್ಕಿಲ್ಲ.

ಮುಗಿಸುವುದು ಹೇಗೆ? ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ, ಆ ಮರದ ಹನಿಗೆ ಹಾರ್ಮೋನಿಕ್ಸ್ ಬಳಸಿ. ಹನ್ನೆರಡನೇ ಫ್ರೆಟ್‌ನ ಲೋಹದ ಪಟ್ಟಿಯ ನೇರ ಮೇಲೆ ತಂತಿಯನ್ನು ಒತ್ತದೆ ಸುಮ್ನೆ ತಾಗಿಸಿ, ಮೀಟಿದ ಕೂಡಲೇ ಬೆರಳು ತೆಗೆಯಿರಿ. ಗಂಟೆಯಂಥ ತಣ್ಣನೆ ಸ್ವರ ಬರುತ್ತದೆ. ಏಳನೇ ಮತ್ತು ಐದನೇ ಫ್ರೆಟ್‌ನ ಮೇಲೂ ಬರುತ್ತದೆ. ಈ ಶ್ರುತಿಯ ಒಂದು ಸೊಗಸು ಏನೆಂದರೆ, ಈ ಮೂರೂ ಜಾಗಗಳಲ್ಲಿ ಯಾವ ತಂತಿ ತಾಗಿಸಿದರೂ ಬರುವುದು ಸ, ರಿ, ಮ, ಪ ಇಷ್ಟರಲ್ಲೇ ಒಂದು. ಅಪಸ್ವರಕ್ಕೆ ದಾರಿಯೇ ಇಲ್ಲ. ಕಣ್ಣು ಮುಚ್ಚಿಕೊಂಡು ಎಲ್ಲಿ ಬೇಕಾದರೂ ಒಂದು ಹನಿ ಬೀಳಿಸಿ, ಅದು ಆರುವವರೆಗೆ ಕಾಯಿರಿ, ಇನ್ನೊಂದು ಬೀಳಿಸಿ.

ಹೆಸರಿನ ವಿಷಯಕ್ಕೆ ಇನ್ನೊಮ್ಮೆ ಬರುತ್ತೇನೆ. ದಯವಿಟ್ಟು ‘ಶರತ್ಕಾಲ’ ಅಂತ ಇಡಬೇಡಿ. ಎಲೆ ಕೆಂಪಾಗುವ ಆ ಕಾಲ ವರ್ಮಾಂಟಿನವರದ್ದು, ಅವರು ನೋಡಿ ಬರೆದರು. ಅರ್ಜೆಂಟಿನಾದ ಪಿಯಾಜೊಲಾ ತಮ್ಮ ನಾಲ್ಕು ಋತುಗಳನ್ನು 1965ರಿಂದ 1970ರ ನಡುವೆ ಬರೆದಾಗ ಬ್ಯೂನಸ್ ಐರಿಸ್ ನಗರದ ಋತುಗಳನ್ನೇ ಬರೆದರು, ಟ್ಯಾಂಗೊದ ಬೀದಿಯನ್ನು ಬಿಟ್ಟು ಹೋಗಲಿಲ್ಲ. ಬ್ರೆಜಿಲಿನ ಸರ್ಜಿಯೊ ಅಸಾದ್ ಅವನ್ನು ಗಿಟಾರಿಗೆ ತಂದರು. ಜಪಾನಿನ ತಾಕೆಮಿತ್ಸು ತೀರಿಕೊಳ್ಳುವ ಹಿಂದಿನ ವರ್ಷ, 1995ರಲ್ಲಿ, ಒಂಟಿ ಗಿಟಾರಿಗೆ ಕಾಡಿನ ಮೇಲೆ ಮೂರು ತುಣುಕು ಬರೆದರು. ಕೊನೆಯದಕ್ಕೆ ‘ಮ್ಯೂರ್ ವುಡ್ಸ್’ ಎಂದು ಹೆಸರು, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ರೆಡ್‌ವುಡ್ ಕಾಡು. ‘ಕಾಡು’ ಅಂತ ಇಟ್ಟು ಬಿಡಬಹುದಿತ್ತು, ಬಿಡಲಿಲ್ಲ.

ನಿಮಗಂತೂ ಹೆಸರಿಗೆ ಬರ ಇಲ್ಲ. ನಮ್ಮ ರೈತರು ಮಳೆಗಾಲವನ್ನು ಒಂದೇ ಋತು ಎಂದು ಬಿಟ್ಟವರಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ, ಉತ್ತರೆ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟಿದ್ದಾರೆ. ಜೂನ್ ಕೊನೆಯ ವಾರದ ಮಳೆಯೂ ಆಗಸ್ಟಿನ ಮಳೆಯೂ ಒಂದೇ ಅಲ್ಲ ಎಂದು ಅವರ ಕಿವಿಗೆ ಗೊತ್ತಿತ್ತು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ’ ಎಂಬ ಮಾತಿನಲ್ಲಿ ಒಂದು ಇಡೀ ತುಣುಕಿಗೆ ಬೇಕಾದ ಆತಂಕ ಇದೆ. ಆರಿದ್ರಾ ಮಳೆಯ ಒಂದು ಮಧ್ಯಾಹ್ನ, ಎರಡೂವರೆ ನಿಮಿಷ. ಅಷ್ಟು ಸಾಕು. ‘ಮಳೆಗಾಲ’ ಅಂತ ಹತ್ತು ನಿಮಿಷ ಬೇಡ.

ಮಳೆಯ ಶಬ್ದ ರೆಕಾರ್ಡ್ ಮಾಡಿ ಹಾಕುವ ಬಗ್ಗೆ ಕೇಳಿದ್ದೀರಿ. ಬೇಡ, ಮೊದಲ ವರ್ಷವಂತೂ ಬೇಡವೇ ಬೇಡ. ನಿಜವಾದ ಮಳೆ ಪಕ್ಕದಲ್ಲಿದ್ದರೆ ನಿಮ್ಮ ಗಿಟಾರಿನ ಹನಿ ಸುಳ್ಳಾಗಿ ಕೇಳುತ್ತದೆ. ಜೊತೆಗೆ ಜಡಿಮಳೆಯ ಮೊರೆತ ನಿಮ್ಮ ಸ್ವರಗಳ ಬಾಲವನ್ನೆಲ್ಲ ನುಂಗುತ್ತದೆ. ಆರುವ ಸ್ವರವೇ ನಮ್ಮ ಬಂಡವಾಳ ಅಂತ ಹೇಳಿದ್ದೆನಲ್ಲ, ಅದೇ ಹೋಯಿತು. ರೆಕಾರ್ಡ್ ಮಾಡಿ, ಆದರೆ ಕೇಳಿ ಕಲಿಯಲಿಕ್ಕೆ.

ನೀವು ಕೇಳದೇ ಇದ್ದ ಒಂದು ವಿಷಯ ಉಳಿದಿದೆ. ಸಾಗರದವರಾದ್ದರಿಂದ ಹೇಳಲೇಬೇಕು. ಋತು ನಿಮ್ಮ ತುಣುಕಿನೊಳಗೆ ಬರುವ ಮೊದಲು ಗಿಟಾರಿನೊಳಗೆ ಬರುತ್ತದೆ. ಮರದ ಗಿಟಾರಿಗೆ ಹಿತವಾದ ತೇವಾಂಶ ಸುಮಾರು 45ರಿಂದ 55 ಪರ್ಸೆಂಟ್. ಮಲೆನಾಡಿನ ಆಷಾಢದಲ್ಲಿ ಅದು ಎಷ್ಟೋ ಮೇಲೆ ಇರುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ, ಮುಂದಿನ ಹಲಗೆ ಬ್ರಿಡ್ಜ್ ಸಮೇತ ಮೇಲೇಳುತ್ತದೆ, ತಂತಿ ಫ್ರೆಟ್‌ನಿಂದ ದೂರವಾಗಿ ಒತ್ತಲು ಬೆರಳು ನೋಯುತ್ತದೆ, ಶಬ್ದ ಮಂಕಾಗುತ್ತದೆ. ನನ್ನ ಮೊದಲ ಒಳ್ಳೆಯ ಗಿಟಾರನ್ನು ಒಂದು ಮಳೆಗಾಲ ಪೂರ್ತಿ ಹೊಸನಗರದ ಕಡೆಯ ನೆಂಟರ ಮನೆಯಲ್ಲಿ, ಮಣ್ಣಿನ ಗೋಡೆಗೆ ಒರಗಿಸಿಟ್ಟು ಬಂದಿದ್ದೆ. ಶ್ರಾವಣದಲ್ಲಿ ಹೋಗಿ ನೋಡಿದರೆ ಬ್ರಿಡ್ಜ್ ಅರ್ಧ ಎದ್ದು ನಿಂತಿತ್ತು, ಚೀಲದೊಳಗೆ ಬೂಷ್ಟು. ತಪ್ಪು ನನ್ನದೇ. ಬೇಸಿಗೆಯಲ್ಲಿ ಇದರ ಉಲ್ಟಾ, ಮರ ಒಣಗಿ ಕುಗ್ಗಿ ಫ್ರೆಟ್‌ನ ತುದಿಗಳು ಅಂಚಿನಿಂದ ಹೊರಗೆ ಚುಚ್ಚುತ್ತವೆ.

ಆದ್ದರಿಂದ ಗಟ್ಟಿ ಪೆಟ್ಟಿಗೆ ತಗೊಳ್ಳಿ. ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ, ಒಂದು ಸಣ್ಣ ತೇವಾಂಶ ಮಾಪಕ ಇಡಿ. ಜೆಲ್ ಅನ್ನು ಆಗಾಗ ಬದಲಿಸಿ. ನುಡಿಸಿದ ಮೇಲೆ ತಂತಿ ಒರೆಸಿ, ಇಲ್ಲದಿದ್ದರೆ ವಾರದಲ್ಲಿ ತುಕ್ಕು. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ. ಅಡಿಕೆ ಒಣಗಿಸುವ ಜಾಗದಲ್ಲಿ ಗಿಟಾರು ಸೀಳುತ್ತದೆ.